ಕೆಂಪು ಬಾಳೆಯ ಬಗ್ಗೆ ನಾನು ಬರೆದ ಒಂದು ಸಾಲು

ನೀವು ಬರೆದದ್ದನ್ನು ಯಾರೋ ಕತ್ತರಿಸಿ, ಲ್ಯಾಮಿನೇಶನ್ ಮಾಡಿಸಿ, ಮನೆಯ ಗೋಡೆಗೆ ಹಚ್ಚಿಕೊಂಡಿದ್ದಾರೆ ಎಂದು ಗೊತ್ತಾದರೆ ನಿಮಗೆ ಏನನ್ನಿಸುತ್ತದೆ? ಖುಷಿ ಅಲ್ಲವೇ? ನನಗೂ ಆಯಿತು. ಸುಮಾರು ಅರ್ಧ ನಿಮಿಷ.

ಫೋನ್ ಬಂದಾಗ ಕಾಲೇಜಿನ ಸ್ಟಾಫ್ ರೂಮಿನಲ್ಲಿದ್ದೆ. ಗೊತ್ತಿಲ್ಲದ ನಂಬರ್. ಆ ಕಡೆ ಒಬ್ಬ ಹೆಣ್ಣುಮಗಳು.

"ಅಕ್ಕಾರ, ಐತವಾರ ಪೇಪರ್‌ನಾಗ ಬರೀತೀರಲ್ಲ, ಅವರೇ ಏನ್ರಿ ನೀವು?"

"ಹೌದ್ರಿ. ನೀವು ಯಾರು?"

"ನಾ ಕಮಲಾಪುರದಿಂದ ಮಾತಾಡಾಕತ್ತೀನ್ರಿ, ಮಹಾದೇವಿ ಅಂತ. ಕೆಂಪ ಬಾಳೆಹಣ್ಣಿನ ಮ್ಯಾಲ ಬರ್ದಿದ್ರಲ್ಲ, ಅದನ್ನ ನಮ್ ಮನಿಯವರು ಲ್ಯಾಮಿನೇಶನ್ ಮಾಡಿಸಿ ಗ್ವಾಡಿಗಿ ಹಚ್ಯಾರ."

ನಾನು ಹಿಗ್ಗಿದೆ. ಪಕ್ಕದ ಕುರ್ಚಿಯ ಇಂಗ್ಲಿಷ್ ಮೇಡಂಗೂ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ "ಹೌದಾ? ಗೋಡೆಗೆ?" ಎಂದೆ.

"ಹೌದ್ರಿ. ಅವರಿಗಿ ಶುಗರ್ ಅದ. ನೀವು ಬರ್ದದ್ದು ಓದಿ ಗುಳಿಗಿ ಬಿಟ್ಟು ದಿನಾ ಹಣ್ಣ ತಿಂದ್ರು. ಹೋದ ತಿಂಗಳ ಕಾಲಿನ ಬೆರಳ ತೆಗದಾರ. ಇನ್ನೂ ತಿನ್ನೂದು ಬಿಟ್ಟಿಲ್ರಿ. ನಾ ಹೇಳಿದ್ರ ಕೇಳವಲ್ರು, ಡಾಕ್ಟರ್ ಹೇಳಿದ್ರ ಕೇಳವಲ್ರು. ಬರ್ದವರು ನೀವು. ಒಮ್ಮಿ ಬಂದು ನೀವೇ ಹೇಳ್ರಿ."

ಬೈಗುಳ ಇಲ್ಲ. ಅಳು ಇಲ್ಲ. ಮನೆಯ ನಲ್ಲಿ ಕೆಟ್ಟಿದೆ, ಬಂದು ನೋಡಿ ಎನ್ನುವಷ್ಟೇ ಸಹಜ ಧ್ವನಿ. ಫೋನ್ ಇಟ್ಟ ಮೇಲೆ ಇಂಗ್ಲಿಷ್ ಮೇಡಂ "ಯಾರ್ರಿ, ಫ್ಯಾನ್ಸಾ?" ಎಂದು ನಕ್ಕರು. ನಾನು ಬ್ಯಾಗ್ ಎತ್ತಿಕೊಂಡು ಎದ್ದೆ.

ಮನೆಗೆ ಬಂದವಳೇ ಹಳೆಯ ಪೇಪರ್ ರಾಶಿಯಿಂದ ಆ ಅಂಕಣ ಹುಡುಕಿ ತೆಗೆದೆ. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಬಸ್ಸು ಕಮಲಾಪುರದಲ್ಲಿ ನಿಂತರೆ ಕಿಟಕಿಗೆ ಬರುವ ಕೆಂಪು ಬಾಳೆಯ ಚಿಪ್ಪು, ಅದರ ವಾಸನೆ, ಅದಕ್ಕಾಗಿ ನಾವು ಅಕ್ಕತಂಗಿಯರು ಆಡಿದ ಜಗಳ. ಎಲ್ಲ ನಿಜ. ಆದರೆ ಕೊನೆಯ ಪ್ಯಾರಾದಲ್ಲಿ ಒಂದು ಸಾಲಿತ್ತು: "ಸಕ್ಕರೆ ಕಾಯಿಲೆಯವರೂ ಧೈರ್ಯವಾಗಿ ತಿನ್ನಬಹುದಾದ ಬಾಳೆ ಜಗತ್ತಿನಲ್ಲಿ ಇದೊಂದೇ."

ಜಗತ್ತಿನಲ್ಲಿ! ನಾನು ವಿಚಾರಿಸಿದ್ದು ಯಾವ ಜಗತ್ತು? ನಮ್ಮ ಕಲಬುರಗಿಯ ಜಗತ್ ಸರ್ಕಲ್. ಅಲ್ಲಿಯ ಒಬ್ಬ ಹಣ್ಣಿನ ವ್ಯಾಪಾರಿ ಏನೋ ಹೇಳಿದ್ದ. ಸಂಜೆಯೊಳಗೆ ಲೇಖನ ಕಳಿಸಬೇಕಿತ್ತು. ಕೊನೆಗೊಂದು ಜೋರಾದ ಸಾಲು ಬೇಕಿತ್ತು. ಹಾಕಿದೆ. ಅಷ್ಟೇ.

(ನಾನು ಇತಿಹಾಸ ಕಲಿಸುವವಳು. "ಇದಕ್ಕೆ ಆಧಾರ ಏನು?" ಎಂದು ಕೆಂಪು ಇಂಕಿನಲ್ಲಿ ಬರೆದು ಹುಡುಗರ ಮಾರ್ಕು ಕಳೆಯುವುದು ನನ್ನ ಕಸುಬು.)

ಮರುದಿನ ಆ ವ್ಯಾಪಾರಿಯ ಗಾಡಿಯ ಹತ್ತಿರ ಹೋದೆ. ಮೆಹಬೂಬ್ ಸಾಬ್ ಹಳೆಯ ಪರಿಚಯ. "ಭಾಯ್, ಶುಗರ್ ಇದ್ದವರು ಕೆಂಪು ಬಾಳೆ ತಿನ್ನಬಹುದು ಅಂತ ನೀವು ನನಗೆ ಹೇಳಿದ್ರಲ್ಲ, ನಿಮಗ ಯಾರು ಹೇಳಿದ್ರು?" ಎಂದು ಕೇಳಿದೆ.

ಅವರು ತಕ್ಕಡಿ ಕೆಳಗಿಟ್ಟು ನನ್ನನ್ನೇ ನೋಡಿದರು. "ಅರೆ ಮೇಡಂ, ನಾ ಎಲ್ಲಿ ಹಂಗ ಹೇಳೀನಿ? ಶುಗರ್‌ದವರೂ ಒಯ್ತಾರ ಅಂತ ಹೇಳಿದ್ದೆ. ಮನಿಗಿ ಒಯ್ದು ಅವರು ತಿಂತಾರೋ, ಮೊಮ್ಮಕ್ಕಳಿಗಿ ಕೊಡ್ತಾರೋ, ಮುಝೆ ಕ್ಯಾ ಮಾಲೂಮ್?"

ಒಯ್ತಾರೆ. ತಿನ್ನಬಹುದು. ಈ ಎರಡು ಮಾತುಗಳ ನಡುವೆ ಎಷ್ಟು ದೂರ? ಒಂದು ಕಾಲ್ಬೆರಳಿನಷ್ಟು.

"ಖರೆ ಹೇಳ್ಬೇಕಂದ್ರ ನನಗ ಗೊತ್ತಾಗಿದ್ದೇ ನಿಮ್ಮ ಪೇಪರ್‌ನಿಂದ" ಎಂದು ಅವರು ಮುಂದುವರಿಸಿದರು. "ಈಗ ಗಿರಾಕಿ ಕೇಳಿದ್ರ ಧೈರ್ಯದಿಂದ ಹೇಳ್ತೀನಿ. ಪೇಪರ್‌ದಾಗ ಬಂದದ, ಪೇಪರ್‌ನೋರು ಝೂಟ್ ಬರೀತಾರೇನು?"

ಆಗ ನೆನಪಾಯಿತು ಇನ್ನೊಂದು. ಎರಡು ತಿಂಗಳ ಹಿಂದೆ ಇದೇ ಊರಿನ ಒಂದು ಸಭಾಂಗಣದಲ್ಲಿ ಸ್ಥಳೀಯ ಆಹಾರದ ಮೇಲೆ ಚರ್ಚೆ ಇಟ್ಟಿದ್ದರು. ಭಾಷಣಕಾರರೊಬ್ಬರು ಕೈ ಎತ್ತಿ, "ನಮ್ಮ ಕೆಂಪು ಬಾಳೆ ಸಕ್ಕರೆ ಕಾಯಿಲೆಯವರಿಗೂ ಅಮೃತ, ಇದು ಸಾಬೀತಾಗಿದೆ!" ಎಂದು ಗುಡುಗಿದರು. ಸಭೆಯಲ್ಲಿದ್ದ ನರ್ಸ್ ಒಬ್ಬಳು ಎದ್ದು ನಿಂತು, "ಎಲ್ಲಿ ಸಾಬೀತಾಗೇದ್ರಿ ಸರ್?" ಎಂದು ಕೇಳಿದಳು. "ಪೇಪರ್ ಓದಮ್ಮ" ಅಂದರು ಅವರು. ಸಭೆ ನಕ್ಕಿತು. ಹುಡುಗಿ ಮುಖ ಸಣ್ಣದು ಮಾಡಿಕೊಂಡು ಕುಳಿತಳು. ಎರಡನೇ ಸಾಲಿನಲ್ಲಿ ಕುಳಿತಿದ್ದ ನಾನೂ ಚಪ್ಪಾಳೆ ತಟ್ಟಿದೆ. ಅವರು ಓದಿದ್ದು ಯಾವ ಪೇಪರ್ ಎಂದು ಅವತ್ತು ನನಗೆ ಹೊಳೆಯಲೇ ಇಲ್ಲ! ನನ್ನ ಸುಳ್ಳು ನನಗೇ ಸುದ್ದಿಯಾಗಿ ವಾಪಸ್ ಬಂದಿತ್ತು. ನಾನದನ್ನು ನಂಬಿ ಮನೆಗೆ ಬಂದಿದ್ದೆ.

ಆ ನರ್ಸ್ ಯಾರು, ಯಾವ ಆಸ್ಪತ್ರೆ, ಗೊತ್ತಿಲ್ಲ. ಈ ಅಂಕಣ ಓದುತ್ತಿದ್ದರೆ, ತಂಗಿ, ಅವತ್ತು ಇಡೀ ಸಭೆಯಲ್ಲಿ ಸರಿಯಾದ ಪ್ರಶ್ನೆ ಕೇಳಿದವಳು ನೀನೊಬ್ಬಳೇ.

ಭಾನುವಾರ ಬೆಳಿಗ್ಗೆ ಗಾಜಿಪುರದ ಮನೆಯಿಂದ ಹೊರಟು ಕಮಲಾಪುರದ ಬಸ್ ಹತ್ತಿದೆ. ನಮ್ಮ ಮನೆಯವರು "ನಾನೂ ಬರ್ಲಾ?" ಎಂದರು. ಬೇಡ ಅಂದೆ. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಕ್ಷಮಿಸಿ ಅನ್ನಬೇಕು. ಅವರು ಬಯ್ಯುತ್ತಾರೆ. ಬಯ್ಯಲಿ. ಪೇಪರ್ ಮೇಲೆ ಕೇಸ್ ಹಾಕುತ್ತೇನೆ ಅನ್ನಬಹುದು. ಅನ್ನಲಿ. ಎಲ್ಲಕ್ಕೂ ತಯಾರಾಗಿದ್ದೆ, ಅಲ್ಲಿ ನಿಜವಾಗಿ ನಡೆದದ್ದೊಂದನ್ನು ಬಿಟ್ಟು.

ಮಹಾದೇವಿಯವರ ಗಂಡ ಶಿವಶರಣಪ್ಪ. ನಿವೃತ್ತ ಬಸ್ ಕಂಡಕ್ಟರ್. ಬಾಗಿಲ ಎದುರಿನ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಎಡಗಾಲಿಗೆ ಬಿಳಿ ಬ್ಯಾಂಡೇಜ್. ನನ್ನನ್ನು ನೋಡಿದ್ದೇ ಮುಖ ಅರಳಿತು.

"ಬರ್ರಿ ಮೇಡಂ, ಬರ್ರಿ! ಏ ಮಹಾದೇವಿ, ಚಹಾ ಇಡು. ಪ್ರತಿ ಐತವಾರ ಹೋಟೆಲಿನಾಗ ನಿಮ್ದು ನಾನೇ ಗಟ್ಟಿಯಾಗಿ ಓದ್ತೀನ್ರಿ, ಹತ್ತು ಮಂದಿ ಕೇಳ್ತಾರ. ನಮ್ಮೂರ ಹಣ್ಣಿನ ಬಗ್ಗಿ ಹಂಗ ಯಾರೂ ಬರ್ದಿದ್ದಿಲ್ಲ ಬಿಡ್ರಿ."

ಗೋಡೆಯ ಮೇಲೆ ನನ್ನ ಅಂಕಣ ಹೊಳೆಯುತ್ತಿತ್ತು. ನನ್ನ ಫೋಟೋ ಸಮೇತ. ಆ ಸಾಲಿನ ಕೆಳಗೆ ಹಸಿರು ಪೆನ್ನಿನಿಂದ ಗೆರೆ ಎಳೆದಿದ್ದರು.

"ಶಿವಶರಣಪ್ಪನವರ, ನಾ ಬರ್ದದ್ದು ತಪ್ಪಾಗೇದ" ಎಂದೆ.

"ಯಾವ್ದು?"

"ಗೆರೆ ಎಳ್ದೀರಲ್ಲ, ಅದೇ ಸಾಲು."

ಅವರು ನನ್ನನ್ನು ನೋಡಿದರು. ಗೋಡೆ ನೋಡಿದರು. ಹೆಂಡತಿಯನ್ನು ನೋಡಿದರು. ಆಮೇಲೆ ನಕ್ಕರು. "ಇಕಿ ಹೇಳಿ ಕರ್ಸ್ಯಾಳ ನಿಮಗ, ಹೌದಲ್ಲ? ಗೊತ್ತದ ನನಗ."

"ಕರ್ಸಿದ್ದು ಅವರೇ. ಆದ್ರ ತಪ್ಪು ನಂದೇ. ಕೆಂಪು ಬಾಳೆಯೊಳಗೂ ಸಕ್ಕರಿ ಇರ್ತದ್ರಿ."

"ಅದು ಡಾಕ್ಟರ್‌ಗೋಳು ಹೇಳೂದು. ಎಲ್ಲರೂ ಹಣ್ಣು ತಿಂದು ಆರಾಮಾದ್ರ ಅವರ ದವಾಖಾನಿ ನಡೀಬೇಕಲ್ಲ? ನಿಮ್ಮ ಮ್ಯಾಲ ಯಾರೋ ಒತ್ತಡ ಹಾಕ್ಯಾರ ಅನಸ್ತದ. ಅಂಜಬ್ಯಾಡ್ರಿ ಮೇಡಂ, ನಾವು ಓದುಗರು ನಿಮ್ಮ ಹಿಂದ ಇದ್ದೀವಿ."

ಬೆರಳು ಕಳೆದುಕೊಂಡ ಮನುಷ್ಯ ನನ್ನ ತಪ್ಪನ್ನು ನನ್ನಿಂದಲೇ ಕಾಪಾಡುತ್ತಿದ್ದಾನೆ! ಬರೆದವಳೇ ಎದುರಿಗೆ ಕೂತು ಸುಳ್ಳು ಅನ್ನುತ್ತಿದ್ದಾಳೆ, ಅವರಿಗೆ ಅಚ್ಚಾದದ್ದೇ ಖರೆ. ಅಚ್ಚಿಗೆ ಇಷ್ಟು ಜೋರಿದೆ ಎಂದು ಇಷ್ಟು ವರ್ಷ ಬರೆದರೂ ನನಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಆ ಸಾಲು ಬರೆಯುತ್ತಿದ್ದೆನೇ?

ಮಹಾದೇವಿ ಚಹಾ ತಂದಿಟ್ಟು ಬಾಗಿಲಿಗೆ ಒರಗಿ ನಿಂತರು. "ಚಪ್ಪಲಿ ಕಚ್ಚಿ ಸಣ್ಣ ಗಾಯ ಆಗಿತ್ರಿ" ಎಂದರು. "ಮಾಯಲೇ ಇಲ್ಲ. ನಾ ಬಡ್ಕೊಂಡೆ, ಗುಳಿಗಿ ತಗೋರಿ ಅಂತ. ಗ್ವಾಡಿ ಕಡಿ ಬೊಟ್ಟು ಮಾಡಿ ತೋರ್ಸ್ತಿದ್ರು. ನನಗ ಓದಾಕ ಅಷ್ಟು ಬರಂಗಿಲ್ಲ. ಏನಂತ ವಾದ ಮಾಡ್ಲಿ?"

"ಇಕಿ ಸುಮ್ನ ಏನೇನೋ ಹೇಳ್ತಾಳ" ಎಂದು ಶಿವಶರಣಪ್ಪ ಕೈ ಬೀಸಿದರು.

ನಾನು ಎಲ್ಲವನ್ನೂ ಹೇಳಿದೆ. ಮೆಹಬೂಬ್ ಸಾಬ್ ಏನು ಅಂದಿದ್ದರು, ನಾನು ಏನು ಮಾಡಿದೆ, ಯಾವ ಡಾಕ್ಟರನ್ನೂ ಕೇಳಲಿಲ್ಲ, ಯಾವ ಪುಸ್ತಕವನ್ನೂ ತೆರೆಯಲಿಲ್ಲ, ಕೊನೆಯ ಸಾಲು ಚಂದ ಕಾಣಲಿ ಎಂದಷ್ಟೇ ಬರೆದೆ. ಅವರು ಕೇಳುತ್ತಾ ಇದ್ದರು. ಟಿಕೆಟ್ ಇಲ್ಲದ ಪ್ಯಾಸೆಂಜರ್ ನೆಪ ಹೇಳುವಾಗ ಕಂಡಕ್ಟರ್ ಕೇಳುತ್ತಾರಲ್ಲ, ಹಾಗೆ.

ಎಲ್ಲ ಮುಗಿದ ಮೇಲೆ ಒಂದೇ ಪ್ರಶ್ನೆ ಕೇಳಿದರು.

"ನಿಮ್ಮ ಮನ್ಯಾಗ ಯಾರಿಗರೆ ಶುಗರ್ ಅದ ಏನ್ರಿ?"

"ಅದ್ರಿ. ನಮ್ಮ ಮನೆಯವರಿಗೆ. ಭಾಳ ವರ್ಷ ಆಯ್ತು."

"ಅವರಿಗಿ ಈ ಹಣ್ಣು ಕೊಡ್ತೀರೇನು?"

ಈ ಪ್ರಶ್ನೆಯನ್ನು ಬಸ್ಸಿನಲ್ಲಿ ನಾನು ಜೋಡಿಸಿಕೊಂಡಿರಲಿಲ್ಲ. ನಿಜ ಹೇಳಬೇಕೆಂದರೆ, ಆವತ್ತಿನ ತನಕ ನನಗೆ ನಾನೇ ಈ ಪ್ರಶ್ನೆ ಕೇಳಿಕೊಂಡಿರಲಿಲ್ಲ.

"ಇಲ್ಲ" ಎಂದೆ. "ಕೊಡಂಗಿಲ್ಲ. ಡಾಕ್ಟರ್ ಬ್ಯಾಡ ಅಂದಾರ."

ಹೊರಗೆ ಯಾವುದೋ ಬಸ್ಸು ಹಾರ್ನ್ ಹೊಡೆದು ಹೋಯಿತು. ಶಿವಶರಣಪ್ಪ ತಮ್ಮ ಬ್ಯಾಂಡೇಜ್ ನೋಡುತ್ತಿದ್ದರು.

"ಅಂದ್ರ ನಮಗಷ್ಟೇ ಬರ್ದೀರಿ" ಎಂದರು.

ಸಿಟ್ಟಿರಲಿಲ್ಲ ಅದರಲ್ಲಿ. ಲೆಕ್ಕ ತಪ್ಪಿದ ಹುಡುಗನಿಗೆ ತಪ್ಪು ಎಲ್ಲಿದೆ ಎಂದು ತೋರಿಸಿದ ಹಾಗೆ ಇತ್ತು. ಯಾರಾದರೂ ಕಪಾಳಕ್ಕೆ ಹೊಡೆದಿದ್ದರೂ ನಾನು ಅಷ್ಟು ಬೆಚ್ಚಿ ಬೀಳುತ್ತಿರಲಿಲ್ಲ.

ನನ್ನ ಗಂಡನ ತಟ್ಟೆಗೆ ಬಂದಾಗ ನನಗೆ ಡಾಕ್ಟರ್ ಬೇಕು, ರಿಪೋರ್ಟ್ ಬೇಕು, ಎರಡನೇ ಅಭಿಪ್ರಾಯ ಬೇಕು. ಸಾವಿರಾರು ಓದುಗರ ತಟ್ಟೆಗೆ ಬಡಿಸುವಾಗ ಒಂದು ಚಂದದ ಸಾಲು ಸಾಕಾಯಿತು. ಇದು ನನ್ನೊಬ್ಬಳ ಕಥೆಯೇ? ಫ್ಯಾಮಿಲಿ ಗ್ರೂಪಿಗೆ ಬಂದ ಕಷಾಯದ ಮೆಸೇಜನ್ನು ಹತ್ತು ಕಡೆ ಫಾರ್ವರ್ಡ್ ಮಾಡುವ ನಮ್ಮಲ್ಲಿ ಎಷ್ಟು ಜನ ಅದನ್ನು ಮೊದಲು ನಮ್ಮ ಮಗುವಿಗೆ ಕುಡಿಸುತ್ತೇವೆ? ಟಿವಿ ಚರ್ಚೆಯಲ್ಲಿ ಕೂತು "ಎಲ್ಲರಿಗೂ ಗೊತ್ತಿರುವ ಸತ್ಯ" ಎಂದು ಕೂಗುವವರು ಅದೇ ಸತ್ಯದ ಮೇಲೆ ತಮ್ಮ ಮನೆಯ ಒಂದು ನಿರ್ಧಾರವನ್ನಾದರೂ ಮಾಡಿದ್ದಾರೆಯೇ? "ಕೆಲವರು ಹೇಳುತ್ತಾರೆ" ಎಂದು ಬರೆಯಲು ನಮಗೆ ಎರಡು ಸೆಕೆಂಡ್ ಸಾಕು. ಆ ಕೆಲವರು ಯಾರು ಎಂದು ಹುಡುಕಲು ಜಗತ್ ಸರ್ಕಲ್ ತನಕ ನಡೆಯಬೇಕು. ನಾನು ನಡೆದೆ. ಬೆರಳು ಹೋದ ಮೇಲೆ.

ಹೊರಡುವಾಗ ಶಿವಶರಣಪ್ಪ ಹೆಂಡತಿಯನ್ನು ಕರೆದರು. "ಆ ಗುಳಿಗಿ ಎಲ್ಲಿ ಇಟ್ಟಿ?"

ಮಹಾದೇವಿ ಸರಸರ ಒಳಗೆ ಹೋದರು. ಡಬ್ಬಿಗಳ ಸದ್ದು ಕೇಳಿಸಿತು. ಮಾತ್ರೆ, ನೀರಿನ ಚೊಂಬು ಎರಡನ್ನೂ ಹಿಡಿದು ಬಂದವರ ಕಣ್ಣು ಒದ್ದೆಯಾಗಿತ್ತು. ನಾನು ಇಬ್ಬರ ಕ್ಷಮೆ ಕೇಳಿದೆ. ಅವರು ಕ್ಷಮಿಸಿದೆ ಅನ್ನಲಿಲ್ಲ. ಯಾಕೆ ಅನ್ನಬೇಕು?

ಈಗ ಶಿವಶರಣಪ್ಪ ಮತ್ತೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಕಲಬುರಗಿಯ ಆಸ್ಪತ್ರೆಗೆ ತೋರಿಸಲು ಬಂದಾಗ ನಾನೂ ಜೊತೆಗೆ ಹೋಗಿದ್ದೆ. ಗಾಯ ಮಾಯುತ್ತಿದೆ, ಉಳಿದ ಬೆರಳುಗಳಿಗೆ ಸದ್ಯ ಭಯವಿಲ್ಲ ಎಂದರು ಡಾಕ್ಟರ್. ಮೆಹಬೂಬ್ ಸಾಬ್ ಈಗ ಗಿರಾಕಿಗಳಿಗೆ "ಡಾಕ್ಟರ್‌ಗ ಕೇಳಿ ಒಯ್ರಿ" ಅನ್ನುತ್ತಾರೆ. ವ್ಯಾಪಾರ ಸ್ವಲ್ಪ ಕಡಿಮೆಯಾಗಿದೆಯಂತೆ. ಆ ನಷ್ಟವೂ ನನ್ನ ತಪ್ಪಿನ ಲೆಕ್ಕಕ್ಕೇ.

ಪತ್ರಿಕೆಗೆ ತಿದ್ದುಪಡಿ ಕಳಿಸಿದೆ. ನಮ್ಮ ಸಂಪಾದಕರು ಒಳ್ಳೆಯವರು, ತಕ್ಷಣ ಹಾಕಿದರು. ಎಲ್ಲಿ? ಒಳಪುಟದ ಮೂಲೆಯಲ್ಲಿ, ಕೋಚಿಂಗ್ ಕ್ಲಾಸಿನ ಜಾಹೀರಾತಿನ ಕೆಳಗೆ, ಎರಡು ಸಾಲು. ಅವತ್ತು ಮಧ್ಯಾಹ್ನವೇ ಮಹಾದೇವಿಯವರ ಫೋನ್.

"ಅಕ್ಕಾರ, ತಿದ್ದಿ ಹಾಕ್ತೀನಿ ಅಂದಿದ್ರಿ, ಹಾಕಿಲ್ಲೇನು? ಇವರು ಮುಂಜಾನಿಂದ ಹುಡುಕಾಕತ್ಯಾರ."

ಪುಟ, ಮೂಲೆ, ಜಾಹೀರಾತು ಎಲ್ಲ ಹೇಳಿದೆ. ಆ ಕಡೆ ಪೇಪರ್ ಮಡಚುವ, ಬಿಚ್ಚುವ ಸದ್ದು. ಆಮೇಲೆ ಶಿವಶರಣಪ್ಪನವರ ದನಿ: "ಸಿಕ್ತು. ಇಷ್ಟೇ ಏನು?"

ಮಹಾದೇವಿ ಮತ್ತೆ ಫೋನಿಗೆ ಬಂದರು. "ತಪ್ಪು ಬರ್ದಾಗ ಅಷ್ಟು ದೊಡ್ಡದು, ಫೋಟೋ ಬ್ಯಾರೆ. ತಪ್ಪಾಗೇದ ಅನ್ನೂದು ಇಷ್ಟು ಸಣ್ಣದು ಯಾಕ್ರಿ ಅಕ್ಕಾರ?"

ಸಂಪಾದಕರಿಗೆ ಅದೇ ಮಾತನ್ನು ಹಾಗೇ ಹೇಳಿದೆ. ಅವರು "ಈ ವಾರದ ಜಾಗ ಪೂರ್ತಿ ನಿಮ್ಮದೇ ಅಲ್ವೇ?" ಎಂದರು.

ಆದ್ದರಿಂದ ಇದು ಪೂರ್ತಿ ಅಂಕಣದ ಅಳತೆಯಲ್ಲಿ, ನನ್ನ ಫೋಟೋದ ಕೆಳಗೇ: ಕೆಂಪು ಬಾಳೆಯಲ್ಲೂ ಸಕ್ಕರೆ ಇದೆ. ಶುಗರ್ ಇದ್ದವರು ಎಷ್ಟು ತಿನ್ನಬೇಕು, ತಿನ್ನಬೇಕೋ ಬೇಡವೋ, ಅದನ್ನು ಹೇಳಬೇಕಾದವರು ನಿಮ್ಮ ಡಾಕ್ಟರ್, ಅಂಕಣಕಾರ್ತಿ ಅಲ್ಲ. ಯಾರು ಏನೇ ಬರೆದರೂ ಮಾತ್ರೆ ಬಿಡಬೇಡಿ. ನಾನು ಬರೆದದ್ದು ಸುಳ್ಳು.

ಮಹಾದೇವಿಯವರ, ಈಗ ಕಾಣಸ್ತದೇನ್ರಿ?