ನನ್ನ ಕತ್ತರಿಯ ಮೇಲೆ ಹೊರಿಸಿದ ತಪ್ಪು

ತೀರ್ಥಹಳ್ಳಿ ಪೇಟೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಏಳು ತಿಂಗಳ ಬಸುರಿಯಾಗಿದ್ದಾಗ, ಸೂರ್ಯಗ್ರಹಣದ ಬೆಳಿಗ್ಗೆ, ನಾನು ಅಲ್ಲಿ ಕೂತು ಶಾಲಾ ವಾರ್ಷಿಕೋತ್ಸವದ ಲಂಗಗಳಿಗೆ ಬಟ್ಟೆ ಕತ್ತರಿಸಿದೆ. ಗ್ರಹಣದಲ್ಲಿ ಬಸುರಿ ಕತ್ತಿ ಕತ್ತರಿ ಮುಟ್ಟಿದರೆ ಕೂಸಿನ ಅಂಗ ಊನವಾಗುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಮರೆತು ಕತ್ತರಿಸಿದ್ದಲ್ಲ, ಗೊತ್ತಿದ್ದೇ ಕತ್ತರಿಸಿದೆ. ಹನ್ನೆರಡು ಮಕ್ಕಳು ಮರುದಿನ ಆ ಲಂಗ ತೊಟ್ಟು ಕುಣಿಯಬೇಕಿತ್ತು.

ಮಗಳು ಹುಟ್ಟಿದಳು. ಒಂದೂವರೆ ವರ್ಷವಾದರೂ ಎದ್ದು ನಿಲ್ಲಲಿಲ್ಲ.

"ನೀನು ಅವತ್ತು ಕೊಯ್ದಿದ್ದು ಲಂಗ ಅಲ್ಲ, ಕೂಸಿನ ಕಾಲು," ಅಂದರು ಅತ್ತೆ. ಹೊಸನಗರದಿಂದ ನೋಡಲು ಬಂದ ಅವರ ಕಡೆಯ ನೆಂಟರೆಲ್ಲ ತಲೆಯಾಡಿಸಿದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಸಾಗರದಿಂದ ಬಂದ ನನ್ನ ತವರಿನವರೂ ಕಾಫಿ ಲೋಟ ನೋಡುತ್ತ ಸುಮ್ಮನೆ ಕೂತಿದ್ದರು. ಅವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ.

ಘಟ್ಟದ ಕೆಳಗಿನ ಆಸ್ಪತ್ರೆಯ ಡಾಕ್ಟರಮ್ಮ ಒಂದು ಹಾಳೆಯ ಮೇಲೆ ಗೆರೆ ಎಳೆದು ಕಾಯಿಲೆಯನ್ನು ವಿವರಿಸಿದರು. ಜೀನಿನಿಂದ ಮೊದಲು ಆರ್‌ಎನ್‌ಎ ಅನ್ನುವ ನಕಲು ತಯಾರಾಗುತ್ತದೆ. ಅದರಲ್ಲಿ ಬೇಡದ ತುಂಡುಗಳನ್ನು ತೆಗೆದು ಬೇಕಾದವನ್ನು ಜೋಡಿಸಬೇಕು. ಯಾವ ತುಂಡು ಉಳಿಯಬೇಕು, ಯಾವುದು ಹೋಗಬೇಕು ಅನ್ನುವುದನ್ನು ಆ ಆರ್‌ಎನ್‌ಎಗೆ ಅಂಟಿಕೊಳ್ಳುವ ಪ್ರೋಟೀನುಗಳು ನಿಯಂತ್ರಿಸುತ್ತವೆ. ನನ್ನ ಮಗಳಲ್ಲಿ ನರಗಳನ್ನು ಕಾಯುವ ಮುಖ್ಯ ಜೀನು ಇಲ್ಲ. ಬದಲಿಗೆ ಇರುವ ಜೀನಿನ ನಕಲಿನಲ್ಲಿ, ಅಂಥದ್ದೊಂದು ಪ್ರೋಟೀನು ಅಂಟಿಕೊಂಡು, ಬೇಕಾದ ತುಂಡೊಂದು ಹೆಚ್ಚು ಸಲ ಬಿಟ್ಟುಹೋಗುವಂತೆ ಮಾಡುತ್ತದೆ. ಹಾಗಾಗಿ ಬೆಳೆಯಬೇಕಾದ ಹೊತ್ತಿನಲ್ಲೇ ಬೆನ್ನುಹುರಿಯ ನರಕೋಶಗಳು ಸೊರಗಿ ಕಾಲಿಗೆ ಬಲ ಬರುವುದಿಲ್ಲ.

"ಅಂದ್ರೆ ತೋಳು ಸೇರಿಸದೇ ರವಿಕೆ ಹೊಲಿದ ಹಾಗೆ," ಅಂದೆ.

"ನಮ್ಮ ವಿದ್ಯಾರ್ಥಿಗಳಿಗಿಂತ ಬೇಗ ಹಿಡಿದ್ರಿ," ಅಂದರು ಅವರು. ಬೆನ್ನಿಗೆ ಚುಚ್ಚಿ ಕೊಡುವ ಒಂದು ಔಷಧ ಆ ಪ್ರೋಟೀನು ಕೂರುವ ಜಾಗದಲ್ಲಿ ತಾನೇ ಕೂತು ಅದನ್ನು ದೂರ ಇಡುತ್ತದಂತೆ. ಗ್ರಹಣಕ್ಕೂ ಇದಕ್ಕೂ ಸಂಬಂಧವೇನು ಅಂತ ಕೇಳಿದೆ. ಯಾವ ಸಂಬಂಧವೂ ಇಲ್ಲ. ಸಾಮಾನ್ಯವಾಗಿ ಇದು ಅಪ್ಪ ಅಮ್ಮ ಇಬ್ಬರಿಂದಲೂ ಬರುತ್ತದೆ, ಇಬ್ಬರ ರಕ್ತವೂ ಪರೀಕ್ಷೆಯಾಗಬೇಕು ಅಂದರು.

ನಾನು ಅಲ್ಲೇ ತೋಳು ಚಾಚಿದೆ, ದೋಷ ನನ್ನಲ್ಲಿ ಇದೆ ಅಂತ ಆಮೇಲೆ ಗೊತ್ತಾಯಿತು. ಗಂಡ ಚಾಚಲಿಲ್ಲ. "ನಮ್ಮನೇಲಿ ಯಾರಿಗೂ ಹಿಂಗಿಲ್ಲ, ಅವನ ರಕ್ತ ಎಂತಕ್ಕೆ?" ಅನ್ನುವುದು ಅತ್ತೆಯ ವಾದ. ಮಗಳ ಔಷಧ ಶುರುವಾಯಿತು, ಬೆನ್ನು ನೆಟ್ಟಗಾಯಿತು, ಗಾಲಿಕುರ್ಚಿಯಲ್ಲಿ ಕೂತು ಶಾಲೆಗೂ ಹೋದಳು. ಅವನ ರಕ್ತ ಮಾತ್ರ ನಾಲ್ಕು ವರ್ಷ ಅವನ ಮೈಯಲ್ಲೇ ಉಳಿಯಿತು. ನಾನೂ ಸುಮ್ಮನಿದ್ದೆ, ಅದು ನನ್ನ ತಪ್ಪು.

ಕಳೆದ ವರ್ಷ ಒಂದು ದಿನ ಮಗಳಿಗೇ ಒಂದು ಲಂಗ ಹೊಲಿಯೋಣವೆಂದು ಅಳತೆ ಟೇಪೂ ಕತ್ತರಿಯೂ ಹಿಡಿದು ಹತ್ತಿರ ಹೋದೆ. ಎರಡೂ ಕೈಯಲ್ಲಿ ಕಾಲು ಮುಚ್ಚಿಕೊಂಡಳು.

"ಕತ್ತರಿ ದೂರ ಇಡು ಅಮ್ಮ."

ಯಾರು ಹೇಳಿಕೊಟ್ಟರೆಂದು ಕೇಳುವ ಅಗತ್ಯವಿರಲಿಲ್ಲ. ಊರು ಏನಾದರೂ ಅನ್ನಲಿ, ನನ್ನ ಮಗಳು ನನಗೆ ಹೆದರುವುದನ್ನು ನಾನು ಸಹಿಸುವವಳಲ್ಲ. ಗಂಡನಿಗೆ ಹೇಳಿದೆ: "ನಾಳೆ ಮೊದಲ ಬಸ್ಸಿಗೆ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬಾ. ಇಲ್ಲದಿದ್ರೆ ನಾನೂ ಮಗಳೂ ಇನ್ನು ಅಂಗಡೀಲೇ ಇರ್ತೀವಿ." ಅವನು ಬೆಳಿಗ್ಗೆ ಹೊರಟ.

ವರದಿ ಬಂತು. ನನ್ನಲ್ಲಿದ್ದ ದೋಷವೇ ಅವನಲ್ಲೂ ಇತ್ತು. ಅವನಿಗದು ಅವನ ಅಪ್ಪನಿಂದಲೋ ಅಮ್ಮನಿಂದಲೋ ಬಂದಿರಬೇಕು ಅಂತ ಅತ್ತೆಗೆ ಓದಿ ಹೇಳಿದೆ. ಹೇಳುವಾಗ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಅತ್ತೆ ಮೆಲ್ಲಗೆ ಕೇಳಿದರು: "ಇವನು ಹೊಟ್ಟೇಲಿದ್ದಾಗ ಗ್ರಹಣದಲ್ಲಿ ನಾನೂ ಎಂತಾದ್ರೂ ಕೊಯ್ದಿದ್ನಾ ಏನೋ."

ಹೌದು ಅನ್ನಬಹುದಿತ್ತು. ಇಷ್ಟು ವರ್ಷ ನಾನು ಹೊತ್ತದ್ದನ್ನು ಅವರ ತಲೆಗೆ ಕಟ್ಟಬಹುದಿತ್ತು.

"ಇಲ್ಲ ಅತ್ತೆ. ನೀವು ಕೊಯ್ದಿದ್ರಿಂದ ಬಂದಿದ್ದಲ್ಲ, ನಾನು ಕೊಯ್ದಿದ್ರಿಂದಲೂ ಅಲ್ಲ. ಅದನ್ನ ನನಗೆ ಹೇಳೋದು ಬೇಡ, ಅವಳಿಗೆ ಹೇಳಿ."

ಅತ್ತೆ ಎದ್ದು ಮಗಳ ಕುರ್ಚಿಯ ಮುಂದೆ ಕೂತರು. "ನಿನ್ನಮ್ಮನ ಕತ್ತರಿ ನಿಂಗೆ ಎಂತದೂ ಮಾಡಿಲ್ಲ ಮಗಾ," ಅಂದರು.

ಮಗಳು ಅಜ್ಜಿಯನ್ನೇ ನೋಡಿದಳು. "ಮತ್ಯಾಕೆ ಮಾಡಿದೆ ಅಂತ ಹೇಳ್ತಿದ್ದೆ?"

ಅತ್ತೆ ನನ್ನತ್ತ ತಿರುಗಿದರು. "ಕೇಳಿದ್ದು ಅವಳು, ಅವಳಿಗೇ ಹೇಳಿ," ಅಂದೆ.