ಕಿತ್ತಳೆ ದಾರದ ಮೇಲಿನ ನೀರು

ಹಳೆಯ ಮಾನಿಟರನ್ನು ಗುಜರಿಯವನಿಗೆ ಕೊಡಲು ಅಟ್ಟದಿಂದ ಇಳಿಸಿದಾಗ ಅದರ ಗಾಜಿನ ಅಂಚಿಗೆ ಕಿತ್ತಳೆ ಬಣ್ಣದ ದಾರವೊಂದು ಇನ್ನೂ ಅಂಟಿಕೊಂಡಿತ್ತು. ಜೀನ್ಸ್ ಪ್ಯಾಂಟಿನ ಹೊಲಿಗೆಗೆ ಬಳಸುವ ದಪ್ಪ ದಾರ. ಒಂದು ತುದಿಯ ಅಂಟುಪಟ್ಟಿ ಹಳದಿಯಾಗಿ ಒಣಗಿತ್ತು, ಇನ್ನೊಂದು ತುದಿ ಬಿಟ್ಟುಕೊಂಡು ಜೋತಾಡುತ್ತಿತ್ತು. ಗುಜರಿಯವನು ಧೂಳು ಒರೆಸಲು ಬಟ್ಟೆ ತೆಗೆದ. "ಏ, ತಡಿಯಪಾ!" ಎಂದು ಕೂಗಿಬಿಟ್ಟೆ. ಅಷ್ಟು ಜೋರಾಗಿ ಕೂಗುವ ಅಗತ್ಯವೇನೂ ಇರಲಿಲ್ಲ.

ಆ ದಾರ ಪಕ್ಕದ ಮನೆಯ ಖಾಲಾ ಕೊಟ್ಟದ್ದು. ಅವರ ಮನೆಮಾತಿನಲ್ಲಿ ಖಾಲಾ ಎಂದರೆ ಚಿಕ್ಕಮ್ಮ, ನಾನೂ ಹಾಗೆಯೇ ಕರೆಯುತ್ತಿದ್ದೆ.

ಆಗ ಗಣಿಗಳ ಭರಾಟೆಯ ಕಾಲ. ಬಳ್ಳಾರಿಯಲ್ಲಿ ಎಲ್ಲರ ಬಾಯಲ್ಲೂ ಅದಿರು, ಎಲ್ಲರ ಅಂಗಳದಲ್ಲೂ ಕೆಂಪು ಧೂಳು. ನಾನು ಅದಿರು ಸಾಗಿಸುವವರ ಕಚೇರಿಯೊಂದರಲ್ಲಿ ಲಾರಿಗಳ ತೂಕದ ಚೀಟಿ ಟೈಪ್ ಮಾಡುತ್ತಿದ್ದೆ. ಅವರು ಹೊಸ ಕಂಪ್ಯೂಟರ್ ತಂದಾಗ ಹಳೆಯದೊಂದು ನನ್ನ ಪಾಲಿಗೆ ಬಂತು. ಅದರೊಳಗೆ ಯಾರೋ ಬಿಟ್ಟುಹೋದ ಆಟವೊಂದಿತ್ತು. ಗುಂಡು ಹೊಡೆಯುವ ಆಟವಲ್ಲ. ಮೊಟ್ಟೆಯೊಡೆದು ಪುಟ್ಟ ಜೀವಿಗಳು ಬರುತ್ತವೆ, ತಾವೇ ಕಲಿಯುತ್ತವೆ, ಹಸಿಯುತ್ತವೆ, ಜೋಡಿಯಾಗುತ್ತವೆ, ಮುದಿಯಾಗಿ ಸಾಯುತ್ತವೆ. ಅವಕ್ಕೆ ಮನೆ ಕಟ್ಟಿಕೊಡುವುದು ನಮ್ಮ ಕೆಲಸ. ಸತ್ತದ್ದು ಸತ್ತಂತೆಯೇ, ಆಟವನ್ನು ಹಿಂದಕ್ಕೆ ತಿರುಗಿಸಲು ಬರುತ್ತಿರಲಿಲ್ಲ.

ನನಗೆ ನೀರೊಳಗೇ ಮನೆ ಕಟ್ಟಬೇಕೆಂಬ ಹುಚ್ಚು ಹತ್ತಿತು. ವಾರಗಟ್ಟಲೆ ನಳದ ಮುಖ ನೋಡುತ್ತಾ ಕೂರುವ ಊರಿನವಳಿಗೆ ಅಂಥ ಆಸೆ ಹುಟ್ಟುವುದಕ್ಕೆ ಕಾರಣ ಬೇರೆ ಬೇಕೇ? ಗಾಜಿನ ಗೋಡೆ ಎಬ್ಬಿಸಿದೆ, ಕಲ್ಲಿನ ಗೂಡು ಇಟ್ಟೆ, ನೀರುಹುಲ್ಲು ನೆಟ್ಟೆ. ಹುಲ್ಲು ಕೊಳೆಯಿತು. ಮತ್ತೆ ನೆಟ್ಟೆ. ಕರೆಂಟ್ ಹೋಯಿತು. ಬಂದಮೇಲೆ ನೋಡಿದರೆ ಗೋಡೆಯೇ ಇಲ್ಲ. ಕೆಂಪು ಧೂಳು ಕಂಪ್ಯೂಟರಿನ ಫ್ಯಾನಿಗೆ ತುಂಬಿ ಅದು ಕೆಟ್ಟ ಗಿರಣಿಯಂತೆ ಅರಚತೊಡಗಿತು. ಸಾಕಪ್ಪಾ ಸಾಕು ಎಂದು ಎಷ್ಟು ಸಲ ಎದ್ದುಹೋಗಿದ್ದೇನೋ... ಕೊನೆಗೂ ಮನೆ ನಿಂತಿತು. ಅದರಲ್ಲಿ ಈಜುವ ಜೀವಿಗಳೂ ಹುಟ್ಟಿದವು. ಆದರೆ ಅವು ಮೀನುಗಳಲ್ಲ. ಆಗಾಗ ಮೇಲೆ ಬಂದು ಉಸಿರಾಡಬೇಕು, ನೀರಿನ ಮೇಲಿನ ಕಲ್ಲಿನಲ್ಲಿ ಮೊಟ್ಟೆ ಇಡಬೇಕು. ಅದಕ್ಕಾಗಿ ಮೇಲೊಂದಿಷ್ಟು ಜಾಗ ಖಾಲಿ ಬಿಟ್ಟಿದ್ದೆ.

ಈ ಖಾಲಿ ಜಾಗವೇ ಖಾಲಾಗೆ ಸರಿಬರಲಿಲ್ಲ.

ಖಾಲಾನ ತವರು ಸಿರುಗುಪ್ಪ. ಮನೆಯ ಹಿಂದೆಯೇ ಕಾಲುವೆ ಹರಿಯುವ ಊರಿನಿಂದ ನಮ್ಮ ಓಣಿಗೆ ಸೊಸೆಯಾಗಿ ಬಂದಿದ್ದರು. ಮನೆಯಲ್ಲೇ ಕೂತು ಜೀನ್ಸ್ ಪ್ಯಾಂಟುಗಳಿಗೆ ಜೇಬು ಕೂಡಿಸುತ್ತಿದ್ದರು. ಬೆರಳ ತುದಿಗಳು ಸದಾ ನೀಲಿ. ನಾನು ಕಚೇರಿಗೆ ಹೋದಾಗ ನಮ್ಮವ್ವನ ಜೊತೆ ಮಾತಾಡಲು ಬರುತ್ತಿದ್ದವರು ಆಟದ ಮುಂದೆಯೇ ಬೀಡುಬಿಟ್ಟರು. ಮೌಸ್ ಹಿಡಿಯುವುದು, ಜೀವಿಗಳಿಗೆ ತಿನ್ನಿಸುವುದು, ನಳ ತಿರುಗಿಸಿ ನೀರು ಬಿಡುವುದು, ಎಲ್ಲವನ್ನೂ ನಾನೇ ಕಲಿಸಿದೆ. ಹಗಲಿಗೊಬ್ಬರು ಕಾವಲು ಸಿಕ್ಕರಲ್ಲ ಎಂದು ಖುಷಿಪಟ್ಟೆ.

ಒಂದು ಸಂಜೆ ಮನೆಗೆ ಬಂದರೆ ಖಾಲಾನ ಮುಖ ಅರಳಿತ್ತು.

"ನೋಡು ಬೇಟಿ, ಕಂಠಮಟ ತುಂಬಸೀನಿ. ಬೆರಳಿಡಾಕ ಜಾಗ ಬಿಟ್ಟಿಲ್ಲ."

ಪರದೆಯ ತುಂಬ ನೀರು. ಜೀವಿಗಳು ಬೆನ್ನು ಮೇಲಾಗಿ ತೇಲುತ್ತಿದ್ದವು.

"ಅಯ್ಯೋ ಖಾಲಾ, ಸತ್ತಾವ್ರಿ ಅವು!"

"ಹಂಗ್ಯಾಕಂತಿ, ಮಕ್ಕೊಂಡಾವ."

ತಲೆ ತಲೆ ಚಚ್ಚಿಕೊಂಡೆ. ಅವು ಎಮ್ಮೆಯ ಹಾಗೆ, ಮೂಗು ಮೇಲೆತ್ತಿ ಉಸಿರಾಡಬೇಕು ಎಂದು ಬಿಡಿಸಿ ಹೇಳಿದೆ. "ಎಮ್ಮಿ ಮುಳುಗತೈತಂತ ಹೊಳಿ ಬತ್ತಸ್ತಾರೇನು?" ಎಂದು ನನ್ನನ್ನೇ ಕೇಳಿದರು. ಖಾಲಾ ಹಿಡಿದ ಮೊಲಕ್ಕೆ ಮೂರೇ ಕಾಲು. ನಳ ಬಂದ ದಿನ ಚಹಾದ ಲೋಟವನ್ನೂ ಬಿಡದೆ ತುಂಬಿಸಿಡುವವರು ಅವರು. ಅರ್ಧ ಕೊಡ ಕಂಡರೆ ಅದು ತುಂಬುವ ತನಕ ಕೂರುತ್ತಿರಲಿಲ್ಲ. ಆಟದ ಜೊತೆಗೇ ಬಂದಿದ್ದ ಮೊಟ್ಟೆಗಳಲ್ಲಿ ಉಳಿದ ಕೊನೆಯವುಗಳಿಂದ ಮತ್ತೆ ಸಂಸಾರ ಹೂಡಿದೆ. ಮತ್ತೆ ತುಂಬಿಸಿದರು. ಈ ಸಲ ಉಳಿದದ್ದು ಒಂದೇ ಜೋಡಿ.

ನನ್ನ ಸಿಟ್ಟು ನೋಡಿ ಖಾಲಾನೇ ತಮ್ಮ ಉಂಡೆಯಿಂದ ಒಂದೆಳೆ ಕಿತ್ತಳೆ ದಾರ ಕಿತ್ತುಕೊಟ್ಟರು. ಅದನ್ನು ನೀರಿನ ಮಟ್ಟಕ್ಕೆ ಸರಿಯಾಗಿ ಪರದೆಯ ಮೇಲೆ ಅಡ್ಡ ಹಿಡಿದು ಎರಡೂ ತುದಿ ಅಂಟಿಸಿದೆ.

"ಇದು ಗಡಿ ಖಾಲಾ. ದಾಟಂಗಿಲ್ಲ."

"ಆತವಾ, ದಾಟಂಗಿಲ್ಲ."

ದಾಟಲಿಲ್ಲ ಕೂಡ. ದಿನಾ ಗೊಣಗುತ್ತಿದ್ದರು, ಅಷ್ಟೆ. ಆ ಜೋಡಿ ಒಂದು ದಿನ ಕಲ್ಲಿನ ಮೇಲೆ ಮೊಟ್ಟೆ ಇಟ್ಟಿತು. ಒಂದೇ ಒಂದು. ಅದು ಒಡೆದರೆ ನನ್ನ ನೀರುಮನೆ ಉಳಿದಂತೆ, ಇಲ್ಲದಿದ್ದರೆ ಎಲ್ಲ ಮುಗಿದಂತೆ. ಖಾಲಾ ಬಟ್ಟೆಯ ಗಂಟನ್ನು ನಮ್ಮಲ್ಲಿಗೇ ತಂದು, ದಾರ ಕತ್ತರಿಸುತ್ತಾ ಮೊಟ್ಟೆಯನ್ನೇ ನೋಡುತ್ತಾ ಕೂರುತ್ತಿದ್ದರು.

ಅದೇ ಹೊತ್ತಿಗೆ ಅವರ ಮನೆಯ ಮಾಲೀಕ ಮನೆ ಬಿಡಿ ಎಂದ. ಗಣಿಯವರು ಹೆಚ್ಚು ಬಾಡಿಗೆಗೆ ಕೇಳಿದ್ದರಂತೆ. ಆ ವರ್ಷಗಳಲ್ಲಿ ಓಣಿಗೊಬ್ಬರಂತೆ ಹೀಗೆ ಜಾಗ ಖಾಲಿ ಮಾಡುತ್ತಿದ್ದರು. ಖಾಲಾನ ಯಜಮಾನರು ಸಿರುಗುಪ್ಪದ ಅಕ್ಕಿ ಗಿರಣಿಯೊಂದರಲ್ಲಿ ಕೆಲಸ ನೋಡಿಕೊಂಡರು.

"ಮರಿ ನೋಡೇ ಹೋಗಾಕಿ ನಾ. ಅಲ್ಲೀಮಟ ಜಗ್ಗಂಗಿಲ್ಲ" ಎಂದಿದ್ದರು ಖಾಲಾ. ಟೆಂಪೋ ಹೇಳಿದ್ದಕ್ಕಿಂತ ಮೊದಲೇ ಬಂತು. ನಾನು ಕಚೇರಿಯಲ್ಲಿದ್ದೆ.

ಸಂಜೆ ಬಂದಾಗ ನಮ್ಮ ಮನೆಯ ಡ್ರಮ್ಮು, ಹಂಡೆ, ಕೊಡ, ಚರಿಗೆ ಎಲ್ಲ ತುಳುಕುತ್ತಿದ್ದವು. ನಮ್ಮ ಓಣಿಯಲ್ಲಿ ಊರು ಬಿಡುವವರು ತಾವು ಕೂಡಿಟ್ಟ ನೀರನ್ನು ಬೇಕಾದವರ ಮನೆಗೆ ತುಂಬಿಸಿ ಹೋಗುತ್ತಿದ್ದರು. ಅದು ಬಂಗಾರ ಕೊಟ್ಟಷ್ಟೇ ದೊಡ್ಡದು. ನನಗೆ ಕಣ್ಣು ತುಂಬಿ ಬಂತು. ಆಮೇಲೆ ಕಂಪ್ಯೂಟರಿನ ಕಡೆ ನೋಡಿದೆ.

ದಾರವನ್ನು ಕಿತ್ತೆಸೆದಿರಲಿಲ್ಲ. ಒಂದು ತುದಿಯನ್ನು ಜೋಪಾನವಾಗಿ ಬಿಡಿಸಿ ಪಕ್ಕಕ್ಕೆ ಸರಿಸಿದ್ದರು. ನೀರು ಚಾವಣಿ ಮುಟ್ಟಿತ್ತು. ಆ ಜೋಡಿ ಮೇಲೆ ತೇಲುತ್ತಿತ್ತು. ಮೊಟ್ಟೆ ಕಲ್ಲಿನಿಂದ ಜಾರಿ ತಳ ಸೇರಿತ್ತು...

ಕುರ್ಚಿ ಒದ್ದೆ. ಗಳಗಳ ಅತ್ತೆ. "ಮತ್ಯಾರು ನೋಡ್ಕೊಂತಾರ ಅವನ್ನ ಅಂತ ತುಂಬಸಿ ಹೋಗ್ಯಾಳ, ಬಿಡವಾ" ಎಂದಳು ಅವ್ವ. ಹೇಗೆ ಬಿಡುವುದು? ಎಷ್ಟು ಹೇಳಿದ್ದೆ, ಹೇಗೆಲ್ಲಾ ಹೇಳಿದ್ದೆ! ಗೋಡೆಗೆ ಹೇಳಿದ್ದರೆ ಗೋಡೆಯಾದರೂ ಕೇಳುತ್ತಿತ್ತು.

ಮುಖಕ್ಕೆ ಹೊಡೆದಂತೆ ಹೇಳಿಯೇ ಬರುತ್ತೇನೆಂದು ಒಂದು ಭಾನುವಾರ ಹೊರಟೆ. ಸಿರುಗುಪ್ಪದ ನೇರ ಬಸ್ಸು ತಪ್ಪಿತು. ಸಿಕ್ಕ ಬಸ್ಸು ಹತ್ತಿ ಕುರುಗೋಡಿನಲ್ಲಿಳಿದು, ಇನ್ನೊಂದು ಬಸ್ಸಿಗಾಗಿ ಬಿಸಿಲಲ್ಲಿ ಕಾದೆ. ಅದಿರಿನ ಲಾರಿಗಳೆಬ್ಬಿಸಿದ ಧೂಳನ್ನು ತಲೆಯ ಮೇಲೆ ಹೊತ್ತು ಬಂದಿದ್ದೆ. ಕಾದಷ್ಟೂ ಬೈಗುಳ ಹರಿತವಾಯಿತು. ಒಂದೊಂದು ಮಾತನ್ನೂ ಬಾಯಿಪಾಠ ಮಾಡಿಕೊಂಡೆ.

ಖಾಲಾ ಬಾಗಿಲಲ್ಲೇ ನನ್ನ ಎರಡೂ ಕೈ ಹಿಡಿದುಕೊಂಡರು. ಕೂರಿಸಲಿಲ್ಲ, ಯಜಮಾನರನ್ನು ಕರೆಯಲಿಲ್ಲ.

"ಮರಿ ಬಂತೇನವಾ?"

ಬಾಯಿಪಾಠ ಮಾಡಿದ್ದೆಲ್ಲ ನಾಲಿಗೆಯ ತುದಿಯಲ್ಲೇ ಇತ್ತು.

"ಬಂತು ಖಾಲಾ."

"ನೀರು ಸಾಕಾತಾ?"

ಅವರ ಹಿಂದೆ ಹಿತ್ತಲ ಬಾಗಿಲು ತೆರೆದಿತ್ತು. ಆಚೆ ಕಾಲುವೆ ತುಂಬಿ ಹರಿಯುತ್ತಿತ್ತು. ಅಲ್ಲೇ ಇದ್ದ ಡ್ರಮ್ಮು ಅರ್ಧ ಖಾಲಿಯಿತ್ತು.

"ಸಾಕಾತ್ರಿ" ಎಂದೆ.

ಆಮೇಲೆ ಹೋಗಲಾಗಲಿಲ್ಲ. ಹೋಗಬಹುದಿತ್ತು... ಅವರು ತೀರಿಕೊಂಡ ಸುದ್ದಿ ಬಂದಾಗ ಮಣ್ಣು ಮಾಡಿ ಆಗಿತ್ತು. ನೀರುಮನೆಯನ್ನೂ ನಾನು ಮತ್ತೆ ಕಟ್ಟಲಿಲ್ಲ.

ಗುಜರಿಯವನು ಮಾನಿಟರ್ ಹೊತ್ತುಕೊಂಡು ಹೋದ. ಬಿಡಿಸಿಕೊಂಡ ದಾರ ಕೈಯಲ್ಲಿತ್ತು. ಅಷ್ಟರಲ್ಲಿ ನಳ ಬುಸ್ಸೆಂದಿತು. ಎದ್ದುಹೋಗಿ ಕೊಡ, ಬಕೆಟ್ಟು, ಕೊನೆಗೆ ಲೋಟಗಳನ್ನೂ ತುಂಬಿಸಿದೆ. ತುಂಬಿಸುತ್ತಲೇ ಮತ್ತೆ ಅದೇ ಸಿಟ್ಟು ಬಂತು. ಆ ಬೈಗುಳದ ಒಂದೊಂದು ಮಾತೂ ನನಗಿನ್ನೂ ಬಾಯಿಗೆ ಬರುತ್ತದೆ. ಬೈಸಿಕೊಳ್ಳಬೇಕಾದವರೇ ಇಲ್ಲ.