ಶರಣವ್ವ ಮೊಮ್ಮಗಳ ಯೂನಿವರ್ಸಿಟಿ ನೋಡಲು ಹೋದದ್ದು

ಐಶ್ವರ್ಯಾಳಿಗೆ ಸೀಟು ಸಿಕ್ಕಿತೆಂದು ಗೊತ್ತಾದ ದಿನ ರಾಯಾಪುರದ ಆ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳಿದವಳು ಅಜ್ಜಿ ಶರಣವ್ವ. ಯಾವ ವಿಷಯ, ಎಷ್ಟು ವರ್ಷ ಎಂದೆಲ್ಲ ಕೇಳಲಿಲ್ಲ.

"ಅದ ಏನು, ಕೆಲಗೇರಿ ಕೆರಿ ದಾಟಿ ಮುಂದ ಹೋದ್ರ ಬಲಕ್ಕ ಬರತೈತಲ್ಲ, ಅದ?"

"ಹೌದು ಆಯಿ, ಅದ."

"ಹಂಗಾರ ನಿನ್ನ ಒಳಗ ಬಿಡತಾರ?"

ಐಶ್ವರ್ಯಾ ನಕ್ಕಳು. "ಬಿಡದ ಏನ ಮಾಡತಾರ? ಇನ್ನ ಅದು ನಂದ ಕಾಲೇಜ."

ಶರಣವ್ವ ಮತ್ತೆ ಕೇಳಿದಳು: "ನಿನ್ನ ಜೋಡಿ ಬಂದವರನ್ನ?"

ಆ ಯೂನಿವರ್ಸಿಟಿ ನಿಂತ ನೆಲದಲ್ಲಿ ಶರಣವ್ವ ತನ್ನ ಅರ್ಧ ಆಯುಷ್ಯ ಕಳೆ ಕಿತ್ತಿದ್ದಳು. ಅದು ಆಕೆಯ ಗಂಡ ಮಡಿವಾಳಪ್ಪ ಮತ್ತು ಅವನ ಅಣ್ಣತಮ್ಮಂದಿರ ಹೊಲ. ಕೆಂಪು ಮಣ್ಣು. ಏರಿನ ಮೇಲೆ ಶೇಂಗಾ, ತಗ್ಗಿನಲ್ಲಿ ಭತ್ತ, ಪಡುವಣ ಬದುವಿನ ಆಚೆ ಹೊಳೆಯಪ್ಪ ಎಂಬವನ ಮಾವಿನ ತೋಪು. ಆಕೆಯ ಚೊಚ್ಚಲ ಮಗ ಗುರುಸಿದ್ದ ನಡೆಯಲು ಕಲಿತದ್ದು ಆ ಬದುವಿನ ಮೇಲೆ. ಆರನೆಯ ವರ್ಷದಲ್ಲಿ ಅವನಿಗೆ ಜ್ವರ ಬಂತು. ಮೊದಲು ಬರೀ ಮೈ ಬಿಸಿಯಾಗಿತ್ತು, ಆಮೇಲೆ ಮಾತು ತೊದಲಿತು. ಧಾರವಾಡದ ದವಾಖಾನೆಗೆ ಒಯ್ಯುವ ದಾರಿಯಲ್ಲಿ ತಾಯಿಯ ತೊಡೆಯ ಮೇಲೆಯೇ ಹೋಗಿಬಿಟ್ಟ.

ಆ ಮನೆತನದವರು ತಮ್ಮವರನ್ನು ತಮ್ಮ ಹೊಲದಲ್ಲೇ ಮಣ್ಣು ಮಾಡುವವರು. ಗುರುಸಿದ್ದನನ್ನು ಪಡುವಣ ಬದುವಿನ ಮಗ್ಗುಲಲ್ಲಿ, ಸಂಜೆ ಹೊತ್ತಿಗೆ ಮಾವಿನ ನೆರಳು ಬಂದು ತಾಕುವಲ್ಲಿ ಇಟ್ಟರು. ಮಡಿವಾಳಪ್ಪ ಮೇಲೊಂದು ಸಣ್ಣ ಕಟ್ಟೆ ಕಟ್ಟಿಸಿದ. ಆಮೇಲಿನ ವರ್ಷಗಳಲ್ಲಿ ಶರಣವ್ವ ಹೊಲಕ್ಕೆ ಹೋದಾಗಲೆಲ್ಲ ಬುತ್ತಿ ಬಿಚ್ಚಿದೊಡನೆ ಮೊದಲ ತುತ್ತು ಆ ಕಟ್ಟೆಯ ಮೇಲೆ ಇಡುತ್ತಿದ್ದಳು. ಕಾಗೆಗಳು ಬಂದು ತಿನ್ನುತ್ತಿದ್ದವು. ಅವು ತಿಂದು ಹೋಗುವವರೆಗೆ ಆಕೆ ಉಣ್ಣುತ್ತಿರಲಿಲ್ಲ. ಎರಡನೆಯ ಮಗ ರಾಜಶೇಖರ ಹುಟ್ಟಿ ನಡೆಯುವಂತಾದ ಮೇಲೆ ಅವನನ್ನೂ ಅಲ್ಲಿಗೆ ಕರೆದೊಯ್ದು, "ನಿಮ್ಮ ಅಣ್ಣಗ ಕೈ ಮುಗಿ" ಅನ್ನುತ್ತಿದ್ದಳು. ಸೀಗಿ ಹುಣ್ಣಿಮೆಯ ದಿನ ಊರವರೆಲ್ಲ ಬೆಳೆಯ ಮೇಲೆ ಎಡೆಯ ಅನ್ನ ಎರಚಿ ಚರಗ ಚೆಲ್ಲಲು ಹೊಲಕ್ಕೆ ಬಂದಾಗ ಗುರುಸಿದ್ದನಿಗೆಂದೇ ಬೇರೆ ಎಡೆ, ಒಂದು ಗಿಂಡಿ ಹಾಲು.

ಹೊಲ ಮಾರುವ ಮಾತು ಬಂದಾಗ ಅಣ್ಣತಮ್ಮಂದಿರು ಮನೆಯ ಮುಂದಿನ ಜಗಲಿಯ ಮೇಲೆ ಕುಳಿತು ಮಾತಾಡಿ ಮುಗಿಸಿದರು. ಶರಣವ್ವನನ್ನು ಯಾರೂ ಕೇಳಲಿಲ್ಲ. ಆಕೆಯೂ ಬೇಡವೆನ್ನಲಿಲ್ಲ. ಗಂಡನಿಗೆ ಒಂದೇ ಮಾತು ಹೇಳಿದಳು, ಗುರುಸಿದ್ದನ ಜಾಗವೊಂದನ್ನು ಬಿಟ್ಟು ಉಳಿದದ್ದನ್ನು ಕೊಡಬೇಕು ಅಂತ. ಮಡಿವಾಳಪ್ಪ ಕೊಂಡವರ ಹತ್ತಿರ ಹೋಗಿ ಬಂದು, "ಆತು, ಬಿಡತಾರಂತ" ಅಂದ. ರಾಜಶೇಖರ ಆಗಲೇ ತಾರಿಹಾಳದಲ್ಲಿ ಸಣ್ಣದೊಂದು ಲೇಥ್ ವರ್ಕ್‌ಶಾಪ್ ಹಾಕಿದ್ದ. ಅವನಿಗೆ ಹತ್ತಿರವಾಗಲೆಂದು ಎಲ್ಲರೂ ರಾಯಾಪುರಕ್ಕೆ ಬಂದರು.

ಮೊದಮೊದಲು ತಂತಿಯ ಬೇಲಿ ನುಸುಳಿ ಹೋಗಬಹುದಿತ್ತು. ಆಮೇಲೆ ಕಂಪೌಂಡ್ ಎದ್ದಿತು, ಗೇಟು ಬಂತು. ಒಂದು ಸೀಗಿ ಹುಣ್ಣಿಮೆಗೆ ಗಂಡ ಹೆಂಡತಿ ಇಬ್ಬರೂ ಎಡೆ ಹಿಡಿದು ಹೋದಾಗ ಗೇಟಿನ ಕಾವಲಿನವನು, "ಪಾಸ್ ಇಲ್ಲದ ಯಾರನ್ನೂ ಬಿಡಂಗಿಲ್ಲರಿ ಅಮ್ಮಾರ" ಎಂದು ತಿರುಗಿಸಿ ಕಳಿಸಿದ. ಅಂದಿನಿಂದ ಮಡಿವಾಳಪ್ಪ, "ನೀ ಬರಬ್ಯಾಡ, ನನಗ ಒಳಗಿನವರು ಗುರುತ ಅದಾರ, ನಾ ಹಾಕಿ ಬರ್ತೇನಿ" ಎಂದು ಪ್ರತಿ ವರ್ಷ ಒಬ್ಬನೇ ಹೋಗತೊಡಗಿದ. ಸಂಜೆ ಖಾಲಿ ಗಿಂಡಿ, ಖಾಲಿ ಬುಟ್ಟಿ ಹಿಡಿದು ಬರುತ್ತಿದ್ದ.

"ಕಟ್ಟಿ ಹೆಂಗೈತಿ?" ಶರಣವ್ವ ಕೇಳುತ್ತಿದ್ದಳು.

"ಛಲೋ ಐತಿ. ಸುತ್ತ ಬೇಲಿ ಹಾಕ್ಯಾರ. ಮಗ್ಗಲದಾಗ ಹೂವಿನ ಗಿಡಾನೂ ಹಚ್ಚ್ಯಾರ."

ಹಾಗೆ ಹೇಳಿ ಅವನು ಉಣ್ಣದೆ ಮಲಗುತ್ತಿದ್ದ. ದಣಿದಿರಬೇಕೆಂದು ಆಕೆ ಅಂದುಕೊಳ್ಳುತ್ತಿದ್ದಳು.

ಮಡಿವಾಳಪ್ಪ ತೀರಿಕೊಂಡಾಗ ಸ್ವಂತ ಹೊಲವಿರಲಿಲ್ಲವಾದ್ದರಿಂದ ಊರ ರುದ್ರಭೂಮಿಯಲ್ಲಿ ಮಣ್ಣು ಮಾಡಿದರು. ಆ ವರ್ಷ ಶರಣವ್ವ ಒಬ್ಬಳೇ ಹಾಲು ತೆಗೆದುಕೊಂಡು ಆ ಗೇಟಿಗೆ ಹೋದಳು. ಒಳಗಿನವರ ಹೆಸರು ಆಕೆಗೆ ಗೊತ್ತಿರಲಿಲ್ಲ. ಮಧ್ಯಾಹ್ನದವರೆಗೆ ನಿಂತು ವಾಪಸು ಬಂದಳು. ಅಲ್ಲಿಂದ ಮುಂದೆ ಹಾಲನ್ನು ಹಿತ್ತಲಿನ ಕಣಗಿಲೆ ಗಿಡಕ್ಕೆ ಹಾಕುತ್ತಿದ್ದಳು. ರಾಜಶೇಖರನಿಗೆ ತನ್ನ ಕೆಲಸದಲ್ಲಿ ಇದು ಅಷ್ಟಾಗಿ ಗಮನಕ್ಕೆ ಬರಲಿಲ್ಲ. ಐಶ್ವರ್ಯಾಳಿಗಂತೂ ಅಪ್ಪನಿಗೊಬ್ಬ ಅಣ್ಣನಿದ್ದು ಚಿಕ್ಕಂದಿನಲ್ಲೇ ಹೋದ ಎಂಬಷ್ಟೇ ಗೊತ್ತು. ಅವನದೊಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ.

ತರಗತಿ ಶುರುವಾಗುವ ಮುಂಚಿನ ವಾರ, ಹೊಸಬರು ಮನೆಯವರನ್ನು ಕರೆದುಕೊಂಡು ಬಂದು ಕ್ಯಾಂಪಸ್ ನೋಡಿ ಹೋಗಬಹುದೆಂದು ಮೊಬೈಲಿಗೆ ಸಂದೇಶ ಬಂತು. ರಾಜಶೇಖರನಿಗೆ ಕೆಲಸ ಬಿಡುವಂತಿರಲಿಲ್ಲ. ಸೊಸೆ ದಾಕ್ಷಾಯಿಣಿ ಹೊರಡಲು ಸೀರೆ ತೆಗೆದಿಟ್ಟಿದ್ದಳು.

"ನೀ ಇರವಾ. ನಾ ಹೊಕ್ಕೇನಿ" ಅಂದಳು ಶರಣವ್ವ.

"ಅತ್ತಿ, ಅಲ್ಲೆ ಭಾಳ ಅಡ್ಡ್ಯಾಡಬೇಕಾಗತೈತ್ರಿ. ನಿಮ್ಮ ಮೊಣಕಾಲ..."

"ಮೊಣಕಾಲ ನನ್ನವು. ನಾ ನೋಡ್ಕೋತೇನಿ."

ಅತ್ತೆ ಹೀಗೆ ಹಟ ಹಿಡಿದದ್ದನ್ನು ದಾಕ್ಷಾಯಿಣಿ ಕಂಡಿರಲಿಲ್ಲ. ಮೊಮ್ಮಗಳ ಮೇಲಿನ ಅಕ್ಕರೆ ಎಂದುಕೊಂಡು ಸೀರೆಯನ್ನು ಮತ್ತೆ ಟ್ರಂಕಿನಲ್ಲಿಟ್ಟಳು.

ಅಜ್ಜಿ ಮೊಮ್ಮಗಳು ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಬಂದು, ಅಲ್ಲಿಂದ ಆಟೋ ಹಿಡಿದರು. ಶರಣವ್ವ ತೊಡೆಯ ಮೇಲೊಂದು ಬಟ್ಟೆಯ ಚೀಲ ಇಟ್ಟುಕೊಂಡಿದ್ದಳು. ಬುತ್ತಿ ಇರಬೇಕೆಂದು ಐಶ್ವರ್ಯಾ ಕೇಳಲಿಲ್ಲ. ಗೇಟಿನಲ್ಲಿ ಅವಳು ಮೊಬೈಲಿನಲ್ಲಿದ್ದ ಸಂದೇಶ ತೋರಿಸಿದ ಕೂಡಲೇ ಕಾವಲಿನವನು, "ಬರ್ರಿ ಬರ್ರಿ" ಎಂದು ಒಳಗೆ ಬಿಟ್ಟು, ಶರಣವ್ವನ ಕೊರಳಿಗೆ 'ಪಾಲಕರು' ಎಂದು ಬರೆದ ನೀಲಿ ಪಟ್ಟಿ ಕೊಟ್ಟ. ಆಕೆ ಅದನ್ನು ಹಾಕಿಕೊಂಡು ಗೇಟಿನ ಒಳಗೆ ನಿಂತುಬಿಟ್ಟಳು. ಹಿಂದಿದ್ದವರು ದಾರಿ ಬಿಡಿ ಎಂದ ಮೇಲೆಯೇ ಮುಂದೆ ಹೋದದ್ದು.

ಹೊಸಬರಿಗೆ ಕ್ಯಾಂಪಸ್ ತೋರಿಸಲು ಎರಡನೆಯ ವರ್ಷದ ಹುಡುಗಿ ಗುಲ್ನಾಜ ಬಂದಿದ್ದಳು. ಚುರುಕಿನ ಹುಡುಗಿ, ನಗುನಗುತ್ತ ಮಾತಾಡುತ್ತಿದ್ದಳು. "ಇದು ಲೈಬ್ರರಿ. ರವಿವಾರಾನೂ ತಗದಿರತೈತ್ರಿ. ಇದು ಲ್ಯಾಬು. ಅದು ಕ್ಯಾಂಟೀನು, ಅಲ್ಲಿ ಚಹಾ ಮಾತ್ರ ಕುಡೀರಿ, ಊಟದ ಮಾತ ನಾ ಹೇಳೂದಿಲ್ಲ." ಎಲ್ಲರೂ ನಕ್ಕರು. ಐಶ್ವರ್ಯಾಳ ಕಣ್ಣು ಎತ್ತರದ ಗಾಜಿನ ಕಟ್ಟಡಗಳ ಮೇಲೆ, ಹುಲ್ಲಿನ ಮೇಲೆ ಕುಳಿತು ಗಿಟಾರ್ ಬಾರಿಸುತ್ತಿದ್ದ ಹುಡುಗರ ಮೇಲೆ. ಶರಣವ್ವ ನೋಡುತ್ತಿದ್ದದ್ದು ನೆಲವನ್ನು. ಇಲ್ಲಿ ಇಳಿಜಾರು ಬರಬೇಕಿತ್ತು. ಆಕೆಯ ಕಾಲುಗಳು ಅದಕ್ಕಾಗಿ ಕಾಯುತ್ತಿದ್ದವು. ಬರಲೇ ಇಲ್ಲ. ಏರು, ತಗ್ಗು ಎಲ್ಲ ಒಂದೇ ಸಮನಾಗಿತ್ತು. ಹೊಲದ ಬಾವಿ ಇರಲಿಲ್ಲ. ಬದು ಇರಲಿಲ್ಲ. ಕಟ್ಟಡಗಳ ನಡುವೆ ದಿಕ್ಕೇ ತಿಳಿಯದಾಯಿತು.

"ಇಲ್ಲೆ ಎಲ್ಲೆರೆ ಬೇಲಿ ಹಾಕಿದ ಸಣ್ಣ ಕಟ್ಟಿ ಐತೇನವಾ?" ಎಂದು ಗುಲ್ನಾಜಳನ್ನು ಕೇಳಿದಳು.

"ಕಟ್ಟಿ? ಗುಡಿ ಇದ್ದಂಗೇನ್ರಿ ಅಜ್ಜಿ? ಇಲ್ಲರಿ, ನಾ ಎಲ್ಲೂ ನೋಡಿಲ್ಲ."

ಆಮೇಲೆ ಎಲ್ಲರನ್ನೂ ದೊಡ್ಡ ಸಭಾಂಗಣದಲ್ಲಿ ಕೂರಿಸಿದರು. ಪರದೆಯ ಮೇಲೆ ಏನೋ ತೋರಿಸುತ್ತಿದ್ದರು, ದೀಪ ಆರಿಸಿದ್ದರು. ದೀಪ ಹತ್ತಿದಾಗ ಐಶ್ವರ್ಯಾಳ ಮಗ್ಗುಲಿನ ಕುರ್ಚಿ ಖಾಲಿಯಾಗಿತ್ತು.

ಅವಳು ಬಾತ್‌ರೂಮಿನಲ್ಲಿ ನೋಡಿದಳು, ಕ್ಯಾಂಟೀನಿನಲ್ಲಿ ನೋಡಿದಳು, ಗೇಟಿನವರೆಗೆ ಓಡಿ ಬಂದಳು. ಕೊನೆಗೆ ಹಿಂಬದಿಯಲ್ಲಿ ಬಸ್ಸುಗಳನ್ನು ನಿಲ್ಲಿಸುವ ಬಯಲಿನಲ್ಲಿ ಅಜ್ಜಿ ಕಂಡಳು. ಕಂಪೌಂಡಿನ ಆಚೆ ಮಾವಿನ ಮರಗಳ ತಲೆ ಕಾಣುತ್ತಿತ್ತು. ಹೊಳೆಯಪ್ಪ ತನ್ನ ತೋಪು ಮಾರಿರಲಿಲ್ಲ. ಆ ಮರಗಳನ್ನು ಗುರುತು ಹಿಡಿದು, ಅವಕ್ಕೆ ಬೆನ್ನು ಮಾಡಿ ಹೆಜ್ಜೆ ಎಣಿಸಿ, ಶರಣವ್ವ ಒಂದು ಹಳದಿ ಬಸ್ಸಿನ ಮುಂದೆ ಬಂದು ನಿಂತಿದ್ದಳು.

"ಆಯಿ! ಎಲ್ಲೆಲ್ಲೆ ಹುಡುಕೂದು ನಿನ್ನ?"

"ಇಲ್ಲೇ ಅದಾನವಾ."

"ಯಾರು?"

"ನಿಮ್ಮ ದೊಡ್ಡಪ್ಪ."

ಐಶ್ವರ್ಯಾಳಿಗೆ ಒಂದು ಕ್ಷಣ ತಿಳಿಯಲಿಲ್ಲ. ಆರು ವರ್ಷದ ಆ ಹುಡುಗ ತನಗೆ ದೊಡ್ಡಪ್ಪನಾಗಬೇಕೆಂದು ಅವಳು ಎಂದೂ ಯೋಚಿಸಿರಲಿಲ್ಲ. ತಿಳಿದ ಮೇಲೆ ಅವಳು ಬಸ್ಸಿನ ಕೆಳಗಿನ ಕಪ್ಪು ಡಾಂಬರನ್ನೇ ನೋಡುತ್ತ ನಿಂತಳು.

"ಬೇಲಿ ಹಾಕ್ಯಾರ ಅಂದಿದ್ರು ನಿಮ್ಮ ಅಜ್ಜ" ಅಂದಳು ಶರಣವ್ವ. "ಹೂವಿನ ಗಿಡ ಹಚ್ಚ್ಯಾರ ಅಂದಿದ್ರು. ವರ್ಷಾ ಬಂದು ಹಾಲ ಹಾಕಿ ಹೋಗತಿದ್ರು." ಬಸ್ಸಿನ ಕೆಳಗೆ ಬಗ್ಗಿ ನೋಡಿ, "ಎಲ್ಲಿ ಹಾಕತಿದ್ರೋ ಏನೋ" ಅಂದಳು.

ಬಸ್ಸಿನ ಮೆಟ್ಟಿಲ ಮೇಲೆ ಡ್ರೈವರ್ ಮೈಲಾರಪ್ಪ ಡಬ್ಬಿ ಬಿಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದ. "ಏನಾತ್ರಿ ಅಮ್ಮಾರ? ಯಾರ ಬೇಕಾಗಿತ್ತು?"

"ಕಾಕಾ, ಬಸ್ ಸ್ವಲ್ಪ ಮುಂದ ತಗೀತೀರೇನ್ರಿ?" ಅಂದಳು ಐಶ್ವರ್ಯಾ.

"ಯಾಕವಾ?"

ಶರಣವ್ವನೇ ಹೇಳಿದಳು: "ಇಲ್ಲೆ ನಮ್ಮ ಹುಡುಗನ್ನ ಮಣ್ಣ ಮಾಡೇವ್ರಿ. ಇದು ನಮ್ಮ ಹೊಲಾ ಇದ್ದಾಗ."

ಮೈಲಾರಪ್ಪ ಆಕೆಯ ಮುಖ ನೋಡಿದ. ಡಬ್ಬಿ ಮುಚ್ಚಿ, ಬಾಟಲಿಯ ನೀರಿನಿಂದ ಕೈ ತೊಳೆದು, ಬಸ್ಸು ಹತ್ತಿ ಮುಂದೆ ತೆಗೆದ.

ಕೆಳಗೆ ಡಾಂಬರು, ಅದರ ಮೇಲೆ ಎಣ್ಣೆಯ ಕಲೆ. ಶರಣವ್ವ ಚಪ್ಪಲಿ ಕಳಚಿ ಮೊಮ್ಮಗಳ ಭುಜ ಹಿಡಿದು ಕಷ್ಟಪಟ್ಟು ಕುಳಿತಳು. ಬಿಸಿಲಿಗೆ ನೆಲ ಸುಡುತ್ತಿತ್ತು. ಚೀಲದಿಂದ ವಿಭೂತಿ ತೆಗೆದು ಮೂರು ಬೆರಳಿನಿಂದ ಆ ಕಪ್ಪಿನ ಮೇಲೆ ಎಳೆದಳು. ಕಣಗಿಲೆ ಹೂ ಇಟ್ಟಳು. ಆಮೇಲೆ ಸ್ಟೀಲಿನ ಗಿಂಡಿಯಿಂದ ಹಾಲು ಹಾಕಿದಳು.

ಹಾಲು ಅಲ್ಲಿ ನಿಲ್ಲಲಿಲ್ಲ. ಸಣ್ಣ ಗೆರೆಯಾಗಿ, ಧೂಳನ್ನು ಕೂಡಿಸಿಕೊಂಡು ಗಟಾರದ ಕಡೆ ಹರಿಯತೊಡಗಿತು. ಶರಣವ್ವ ಅಂಗೈ ಅಡ್ಡ ಇಟ್ಟಳು. ಅದು ಕೈಯ ಸುತ್ತ ಹಾದು ಹೋಯಿತು. ಇನ್ನೊಂದು ಕೈಯನ್ನೂ ಇಟ್ಟಳು.

"ನೆಲಾ ಕುಡೀವಲ್ದವಾ" ಅಂದಳು. ಮತ್ತೆ ಅಂದಳು, "ಕುಡೀವಲ್ದು."

ಅಲ್ಲಿಯವರೆಗೆ ಅಳದೆ ಇದ್ದವಳು ಆಗ ಅತ್ತಳು. ಐಶ್ವರ್ಯಾ ಮಗ್ಗುಲಲ್ಲಿ ಕುಳಿತು ಆಕೆಯ ತೊಯ್ದ ಕೈಗಳನ್ನು ತನ್ನ ಓಢಣಿಯಿಂದ ಒರೆಸಿದಳು. ದೂರದಲ್ಲಿ ಕಾವಲಿನವನೊಬ್ಬ ಇತ್ತ ಬರುತ್ತಿದ್ದ. ಮೈಲಾರಪ್ಪ ಬಸ್ಸಿನಿಂದಿಳಿದು ಅವನೆದುರಿಗೆ ಹೋಗಿ ಏನೋ ಹೇಳಿದ. ಅವನು ಅಲ್ಲೇ ನಿಂತ.

ವಾಪಸು ಬರುವಾಗ ಬಸ್ಸು ನವನಗರ ದಾಟಿದ ಮೇಲೆ ಐಶ್ವರ್ಯಾ, "ನಾ ಅಲ್ಲೆ ಕಲಿಯೂದಿಲ್ಲ ಆಯಿ" ಅಂದಳು. ಆಮೇಲೆ ನೋಡಿದರೆ ತಾವು ಇಳಿಯುವ ಸ್ಟಾಪು ಹಿಂದೆಯೇ ಹೋಗಿತ್ತು.

"ಹುಚ್ಚಿ. ನೀ ಕಲೀಲಿಲ್ಲಂದ್ರ ಆ ಡಾಂಬರ ಏಳತೈತೇನು?"

ಅಂದು ವರ್ಕ್‌ಶಾಪಿನಿಂದ ಬಂದ ರಾಜಶೇಖರ ಮಗಳಿಂದ ಎಲ್ಲ ಕೇಳಿ ಸಿಟ್ಟಾದ. ನಾಳೆಯೇ ಹೋಗಿ ಕೇಳುತ್ತೇನೆ, ಬಿಡುವುದಿಲ್ಲ ಅಂದ. ತಾಯಿ ಅವನನ್ನು ಹತ್ತಿರ ಕರೆದು ಕೂರಿಸಿಕೊಂಡಳು. "ನಿನಗ ಗೊತ್ತಿತ್ತೇನೋ?"

"ಇಲ್ಲವಾ. ಅಪ್ಪ ನನಗೂ ಬೇಲಿ ಅಂತನ ಹೇಳಿದ್ದ."

"ಮತ್ತ ಯಾರನ್ನ ಹೋಗಿ ಕೇಳತಿ?" ಅಂದಳು ಶರಣವ್ವ.

ದಿನಾ ಗಂಡನ ಫೋಟೋಕ್ಕೆ ವಿಭೂತಿ ಹಚ್ಚಿ ದೀಪ ಹಚ್ಚುತ್ತಿದ್ದವಳು ಆಕೆಯೇ. ಅಂದು ಹಚ್ಚಲಿಲ್ಲ. ಮರುದಿನವೂ ಇಲ್ಲ. ದಾಕ್ಷಾಯಿಣಿ ತಾನೇ ಆ ಕೆಲಸ ಹಿಡಿದಳು. ಶರಣವ್ವ ಆ ಕೋಣೆಗೆ ಹೋಗುವುದನ್ನೇ ಬಿಟ್ಟಳು. ಸೀಗಿ ಹುಣ್ಣಿಮೆ ಬಂತು. ಆ ವರ್ಷ ಆಕೆ ಹಾಲನ್ನೂ ತೆಗೆದಿಡಲಿಲ್ಲ. ಹಬ್ಬ ಕಳೆದ ಮರುದಿನ ಸೊಸೆಯ ಜೊತೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದವಳು ಇದ್ದಕ್ಕಿದ್ದ ಹಾಗೆ ಹೇಳಿದಳು:

"ಹಾಲ ಹಾಕಿ ಬಂದ ದಿನಾ ಅವರು ಉಣತಿರಲಿಲ್ಲ ನೋಡು. ನಾ ದಣದಾರ ಅಂತ ತಿಳದಿದ್ದೆ."

ದಾಕ್ಷಾಯಿಣಿ ಕೈ ನಿಲ್ಲಿಸಿದಳು.

"ಎಷ್ಟ ವರ್ಷ ಇದನ್ನ ಅವರೊಬ್ಬರ ಹೊತಗೊಂಡು ತಿರಗ್ಯಾರ. ನನಗ ಹೇಳಿದ್ರ ಇಬ್ಬರೂ ಕೂಡೇ ಅಳತಿದ್ವಿ."

ಆ ಸಂಜೆ ಆಕೆ ಎದ್ದು ಹೋಗಿ ಫೋಟೋಕ್ಕೆ ದೀಪ ಹಚ್ಚಿದಳು.

ಐಶ್ವರ್ಯಾ ಕಾಲೇಜಿಗೆ ಹೋಗುತ್ತಿದ್ದಳು. ಬಂದ ಮೇಲೆ ಅಜ್ಜಿ ಪಾಠದ ಬಗ್ಗೆ ಕೇಳುತ್ತಿದ್ದಳು, ಗೆಳತಿಯರ ಬಗ್ಗೆ ಕೇಳುತ್ತಿದ್ದಳು. ಬಸ್ಸು ನಿಲ್ಲಿಸುವ ಬಯಲಿನ ಬಗ್ಗೆ ಒಮ್ಮೆಯೂ ಕೇಳಲಿಲ್ಲ. ಚಳಿಗಾಲದಲ್ಲಿ ಶರಣವ್ವ ಹಾಸಿಗೆ ಹಿಡಿದಳು. ಇಂಥದೇ ರೋಗವೆಂದು ಡಾಕ್ಟರು ಹೇಳಲಿಲ್ಲ, ಊಟ ಕಡಿಮೆಯಾಗುತ್ತ ಬಂತು. ಒಂದು ದಿನ ಮಗನನ್ನು ಕರೆದಳು.

"ನನ್ನ ನಿಮ್ಮಪ್ಪನ ಮಗ್ಗಲದಾಗ ಇಡ್ರಿ."

"ಅಂಥಾ ಮಾತ ಯಾಕವಾ ಈಗ?"

"ಕೇಳಿಲ್ಲೆ. ಮ್ಯಾಲ ಕಟ್ಟಿ ಕಟ್ಟಬ್ಯಾಡ್ರಿ. ಕಲ್ಲೂ ಇಡಬ್ಯಾಡ್ರಿ. ಅದೂ ನಮ್ಮ ನೆಲಾ ಅಲ್ಲ."

ಯುಗಾದಿಯ ನಂತರ ಆಕೆ ತೀರಿಕೊಂಡಳು. ರುದ್ರಭೂಮಿಗೆ ಹೋಗಿ ನೋಡಿದರೆ ಮಡಿವಾಳಪ್ಪನ ಎರಡೂ ಮಗ್ಗುಲಲ್ಲಿ ಅಷ್ಟರಲ್ಲಿ ಬೇರೆಯವರು ಬಂದಿದ್ದರು. ಅಲ್ಲಿಯ ಆಳು ಗೋಡೆಯ ಕಡೆಗೊಂದು ಜಾಗ ತೋರಿಸಿದ. ರಾಜಶೇಖರ ಸ್ವಲ್ಪ ಹೊತ್ತು ಎರಡೂ ಜಾಗಗಳ ನಡುವೆ ಅಡ್ಡಾಡಿ, ಆಮೇಲೆ ಆಗಲಿ ಎಂದ. ತಾಯಿ ಹೇಳಿದಂತೆ ಕಟ್ಟೆ ಕಟ್ಟಿಸಲಿಲ್ಲ, ಕಲ್ಲೂ ಇಡಲಿಲ್ಲ.

ಮರುದಿನವೇ ಐಶ್ವರ್ಯಾಳ ಪರೀಕ್ಷೆ ಇತ್ತು. ಅವಳು ಹೋಗಿ ಬರೆದು ಬಂದಳು.